ಮನೆ ಕಂಪ್ಯೂಟರಿನ ಇಂಟರ್ನೆಟ್‌ಗೆ ಕಡಿವಾಣ: ರೂಟರ್ ಸಾಕಾ, ವಿಂಡೋಸ್ ಬೇಕಾ, ಡಿಎನ್‌ಎಸ್ ಹಾಕಬೇಕಾ?

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ವೈಫೈಗೆ ಪಾಸ್‌ವರ್ಡ್ ಇಟ್ಟವರು ಯಾರು? ಕಂಪ್ಯೂಟರ್ ತಂದ ದಿನ ಅದರಲ್ಲಿ ಅಕೌಂಟ್ ಮಾಡಿದವರು ಯಾರು? ಮೈಸೂರಿನ ಕುವೆಂಪುನಗರದಲ್ಲಿ ಕೇಳಿ, ಮಂಡ್ಯದ ಅಶೋಕನಗರದಲ್ಲಿ ಕೇಳಿ, ಜಾಸ್ತಿ ಸಿಗುವ ಉತ್ತರ ಒಂದೇ: ನಮ್ಮ ಹುಡುಗ, ಇಲ್ಲಾ ಹುಡುಗಿ. ಅಪ್ಪನಿಗೆ ವೈಫೈ ಬೇಕಾದರೆ ಮಗನನ್ನೇ ಕೂಗಿ "ಏನೋ ಅದು ಪಾಸ್‌ವರ್ಡು?" ಅಂತ ಕೇಳಬೇಕು. ಹೀಗಿರುವಾಗ ಅದೇ ಮಗನನ್ನು ತಡೆಯಲು ಯಾವ ಆ್ಯಪ್ ಒಳ್ಳೇದು ಅಂತ ಹುಡುಕುವುದು, ಬೀಗದ ಕೈಯನ್ನು ಅವನ ಜೇಬಿನಲ್ಲೇ ಬಿಟ್ಟು ಬಾಗಿಲಿಗೆ ಇನ್ನೂ ದಪ್ಪ ಬೀಗ ತಂದ ಹಾಗೆ.

ಅದಕ್ಕೇ ಈ ಹೋಲಿಕೆಯಲ್ಲಿ ಪ್ರತಿ ದಾರಿಗೂ ನಾನು ಮುಖ್ಯವಾಗಿ ನೋಡಿರುವುದು ಅದರ ಕೀಲಿ ಯಾರ ಕೈಯಲ್ಲಿ ಉಳಿಯುತ್ತದೆ ಅನ್ನುವುದನ್ನು. ಹುಡುಗರು ಅದನ್ನು ದಾಟುವುದು ಎಷ್ಟು ಸುಲಭ, ದಿನಾ ಅದನ್ನು ನೋಡಿಕೊಳ್ಳುವ ತಲೆನೋವು ನಿಮಗೆಷ್ಟು, ಇವು ಆಮೇಲೆ. ದುಡ್ಡಿನ ಚಿಂತೆ ಅಷ್ಟಿಲ್ಲ. ಕೆಲಸಕ್ಕೆ ಬರುವ ದಾರಿಗಳಲ್ಲಿ ಹೆಚ್ಚಿನವು ಪುಕ್ಕಟೆ.

ಏನನ್ನು ತಡೆಯಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ರಾತ್ರಿ ಒಂದು ಗಂಟೆಯವರೆಗೆ ಗೇಮ್ ಆಡುತ್ತಾ ಕೂರುವುದು ಹೊತ್ತಿನ ಸಮಸ್ಯೆ. ಅಶ್ಲೀಲ ಸೈಟು, ಜೂಜಿನ ಸೈಟು ಬೇರೆಯದೇ ಸಮಸ್ಯೆ. ಫಿಸಿಕ್ಸ್ ಪಾಠಕ್ಕೆ ಅಂತ ಯೂಟ್ಯೂಬ್ ತೆರೆದು ಮುಕ್ಕಾಲು ಗಂಟೆ ಶಾರ್ಟ್ಸ್ ನೋಡಿ ಏಳುವುದು ಮತ್ತೊಂದು. ಒಂದಕ್ಕೆ ಮಾಡಿದ ಏರ್ಪಾಡು ಇನ್ನೊಂದಕ್ಕೆ ಹತ್ತುವುದಿಲ್ಲ. ಕೆಟ್ಟ ಸೈಟ್ ತಡೆಯುವ ಫಿಲ್ಟರ್ ಹಾಕಿಸಿ "ಆದ್ರೂ ರಾತ್ರಿಯೆಲ್ಲ ಆಡ್ತಾನಲ್ಲ" ಅಂತ ಗೊಣಗಿದರೆ ಫಿಲ್ಟರಿನ ತಪ್ಪಲ್ಲ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ನಿಷೇಧಿಸಿದೆ. ಹಾಗಂತ ಹೊರದೇಶದಲ್ಲಿ ಕೂತು ಸೈಟ್ ನಡೆಸುವವರು ನಮ್ಮ ಕಾಯ್ದೆ ಓದಿಕೊಂಡು ಅಂಗಡಿ ಮುಚ್ಚುತ್ತಾರೆ ಅಂತ ಕಾಯಬೇಡಿ.

ಅಡ್ಮಿನ್ ನೀವಾಗಿ, ಉಳಿದದ್ದು ಆಮೇಲೆ

ಯಾವ ದಾರಿ ಹಿಡಿದರೂ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ವಿಂಡೋಸ್‌ನಲ್ಲಿ ಎರಡು ಬಗೆಯ ಅಕೌಂಟ್ ಇರುತ್ತದೆ. ಅಡ್ಮಿನಿಸ್ಟ್ರೇಟರ್ ಆದವರು ಏನು ಬೇಕಾದರೂ ಹಾಕಬಹುದು, ತೆಗೆಯಬಹುದು. ಸ್ಟ್ಯಾಂಡರ್ಡ್ ಅಕೌಂಟ್‌ನವರು ಕಂಪ್ಯೂಟರ್ ಆರಾಮಾಗಿ ಬಳಸಬಹುದು, ಆದರೆ ಮುಖ್ಯ ಸೆಟ್ಟಿಂಗ್ ಮುಟ್ಟಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಹೊಸ ಕಂಪ್ಯೂಟರಿನಲ್ಲಿ ಮೊದಲು ಮಾಡಿದ ಅಕೌಂಟ್ ತಾನಾಗಿಯೇ ಅಡ್ಮಿನ್ ಆಗುತ್ತದೆ, ಅದನ್ನು ಮಾಡಿದ್ದು ನಿಮ್ಮ ಮಗನೇ ಅಲ್ವಾ?

ನಿಮ್ಮ ಹೆಸರಿನಲ್ಲಿ ಇನ್ನೊಂದು ಅಡ್ಮಿನ್ ಅಕೌಂಟ್ ಮಾಡಿ. ಅದರಲ್ಲಿ ಒಮ್ಮೆ ಲಾಗಿನ್ ಆಗಿ, ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್ ಒಳಗೆ ಅಕೌಂಟ್ಸ್, ಅಲ್ಲಿ ಅದರ್ ಯೂಸರ್ಸ್ ಅಂತ ಹೋಗಿ ಅವನ ಅಕೌಂಟನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಅವನ ಫೈಲು, ಫೋಟೊ, ಗೇಮು ಯಾವುದೂ ಹೋಗುವುದಿಲ್ಲ, ಈ ಮಾತನ್ನು ಅವನಿಗೂ ಮೊದಲೇ ಹೇಳಿ, ಇಲ್ಲದಿದ್ದರೆ ಅರ್ಧ ಜಗಳ ಅದಕ್ಕೇ ಆಗುತ್ತದೆ. ಪಾಸ್‌ವರ್ಡ್ ನಿಮ್ಮ ಸ್ಕೂಟರ್ ನಂಬರ್ ಆಗಿರಬಾರದು, ಮದುವೆ ದಿನಾಂಕವೂ ಬೇಡ. ಇನ್ನೊಂದು ತೂತು ಜಾಸ್ತಿ ಜನ ನೋಡುವುದೇ ಇಲ್ಲ: "ಪಾಸ್‌ವರ್ಡ್ ಮರೆತಿದ್ದೇನೆ" ಅಂತ ಒತ್ತಿದರೆ ಓಟಿಪಿ ಬರುವುದು ನಿಮ್ಮ ಫೋನಿಗೆ, ಆ ಫೋನಿನ ಪ್ಯಾಟರ್ನ್ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನೂ ಬದಲಿಸಿ.

ಇಷ್ಟು ಮಾಡಿದರೆ ಎಲ್ಲಾ ನಿಂತುಹೋಗುತ್ತದೆ ಅಂತಲ್ಲ. ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಿದ್ದೂ ಕ್ರೋಮ್ ಅನ್ನು ತನ್ನ ಮಟ್ಟಿಗೆ ಹಾಕಿಕೊಳ್ಳಬಹುದು, ಬ್ರೌಸರಿಗೆ ವಿಪಿಎನ್ (ಬೇರೆಲ್ಲೋ ಇರುವ ಸರ್ವರ್ ಮೂಲಕ ತಡೆಗಳನ್ನು ದಾಟಿ ನೆಟ್ ನೋಡುವ ದಾರಿ) ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಅಂಟಿಸುವ ಸಣ್ಣ ಪ್ರೋಗ್ರಾಂ, ಸೇರಿಸಬಹುದು, ಪೆನ್‌ಡ್ರೈವ್‌ನಿಂದಲೇ ಓಡುವ ಬ್ರೌಸರ್ ತರಬಹುದು. ಆದರೆ ಮುಂದೆ ನೀವು ವಿಂಡೋಸ್ ಒಳಗೆ ಹಾಕುವ ಕಡಿವಾಣವನ್ನು ಕಿತ್ತುಹಾಕಲು ಆಗದ ಹಾಗೆ ತಡೆಯುವುದು ಇದೇ.

ವಿಂಡೋಸ್ ಒಳಗಿನ ಫ್ಯಾಮಿಲಿ ಸೇಫ್ಟಿ

ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ವಿಂಡೋಸ್ 10, 11 ಎರಡರಲ್ಲೂ ಪುಕ್ಕಟೆ ಸಿಗುತ್ತದೆ. ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದು ಬೇರೆ ಚಿಂತೆ. ಫ್ಯಾಮಿಲಿ ಸೇಫ್ಟಿ ನಡೆಯಬೇಕಾದರೆ ನಿಮಗೊಂದು, ಮಗುವಿಗೊಂದು ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಅಂಗಡಿಯವರು ಸುಮ್ನೆ "ಯೂಸರ್" ಅಂತ ಮಾಡಿಕೊಟ್ಟ ಲೋಕಲ್ ಅಕೌಂಟಿಗೆ ಇದು ಹತ್ತುವುದಿಲ್ಲ. ಇಬ್ಬರ ಅಕೌಂಟನ್ನೂ ಒಂದು ಫ್ಯಾಮಿಲಿ ಗ್ರೂಪಿಗೆ ಸೇರಿಸಿ, ಆ ಕಂಪ್ಯೂಟರಿಗೆ ಮಗು ತನ್ನ ಅಕೌಂಟ್‌ನಲ್ಲೇ ಲಾಗಿನ್ ಆಗುವಂತೆ ಮಾಡಬೇಕು.

ಹೊತ್ತಿನ ಸಮಸ್ಯೆಗೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಸೋಮವಾರದಿಂದ ಶುಕ್ರವಾರ ಸಂಜೆ ಆರರಿಂದ ಒಂಬತ್ತರವರೆಗೆ, ಭಾನುವಾರ ಇನ್ನಷ್ಟು, ಹೀಗೆ ದಿನಕ್ಕೊಂದು ಲೆಕ್ಕ ಇಡಬಹುದು. ಒಂದೊಂದು ಗೇಮಿಗೆ ಬೇರೆ ಬೇರೆ ಮಿತಿಯನ್ನೂ ಇಡಬಹುದು. ಹೊತ್ತು ಮುಗಿದ ಮೇಲೆ ಅವನು ಅಲ್ಲಿಂದಲೇ ಇನ್ನಷ್ಟು ಹೊತ್ತು ಕೇಳಬಹುದು, ನೀವು ಆಫೀಸಿನಲ್ಲಿ ಕೂತು ಫೋನಿನಲ್ಲೇ ಹೂಂ ಅನ್ನಬಹುದು ಅಥವಾ ಇಲ್ಲ ಅನ್ನಬಹುದು. ನಾಳೆ ಪ್ರಾಜೆಕ್ಟ್ ಕೊಡಬೇಕು ಅಂತ ಅಂಗಲಾಚಿದಾಗ ಇದು ಬಹಳ ಕೆಲಸಕ್ಕೆ ಬರುತ್ತದೆ. ಇನ್ನೊಂದು ಅನುಕೂಲ ಏನೆಂದರೆ ಇದು ಕಂಪ್ಯೂಟರಿನ ಹೊತ್ತನ್ನು ಕಟ್ಟುತ್ತದೆ, ಬರೀ ನೆಟ್ಟಿನದ್ದಲ್ಲ. ಇಂಟರ್ನೆಟ್ ಇಲ್ಲದೆಯೂ ಆಡುವ ಗೇಮುಗಳು ಬೇಕಾದಷ್ಟಿವೆ, ರೂಟರ್ ಆಫ್ ಮಾಡಿದರೆ ಅವಕ್ಕೇನೂ ಆಗುವುದಿಲ್ಲ.

ಸೈಟ್ ಫಿಲ್ಟರ್ ವಿಷಯದಲ್ಲಿ ಮಾತ್ರ ಸ್ವಲ್ಪ ಕಿರಿಕಿರಿ. ಅದು ಕೆಲಸ ಮಾಡುವುದು ಎಡ್ಜ್ ಬ್ರೌಸರಿನಲ್ಲಿ. ಫಿಲ್ಟರ್ ಆನ್ ಮಾಡಿದರೆ ಕ್ರೋಮ್, ಫೈರ್‌ಫಾಕ್ಸ್‌ನಂಥ ಬೇರೆ ಬ್ರೌಸರುಗಳನ್ನು ಅದು ತಡೆಯುತ್ತದೆ. ಕ್ರೋಮ್ ಬೇಕೇ ಬೇಕು ಅಂತ ನೀವು ಬಿಟ್ಟುಕೊಟ್ಟರೆ ಕ್ರೋಮ್ ಒಳಗೆ ಆ ಫಿಲ್ಟರ್ ಇಲ್ಲ. ಹಾಗಾಗಿ "ಕ್ಲಾಸ್ ಕ್ರೋಮಲ್ಲಿ ಮಾತ್ರ ಬರೋದು" ಅನ್ನುವ ಮಾತು ಬಂದಾಗ, ಹೌದಾ ಅಂತ ನೀವೇ ಎಡ್ಜ್‌ನಲ್ಲಿ ತೆರೆದು ನೋಡಿ. ಸಾಮಾನ್ಯವಾಗಿ ಅದರಲ್ಲೂ ಬರುತ್ತದೆ.

ವಾರಕ್ಕೊಮ್ಮೆ ಏನೇನು ನೋಡಿದ ಅನ್ನುವ ವರದಿಯನ್ನೂ ಅದು ಇಮೇಲ್‌ಗೆ ಕಳಿಸುತ್ತದೆ. ಹದಿಮೂರು ವರ್ಷದವನಿಗೆ ಸರಿ. ಪಿಯುಸಿ ಓದುವವಳ ಪ್ರತಿ ಹುಡುಕಾಟವನ್ನೂ ಅಪ್ಪ ಓದುವುದು ಚೆನ್ನಾಗಿರುವುದಿಲ್ಲ. ಅದನ್ನು ಆಫ್ ಮಾಡಬಹುದು, ಮಾಡಿ.

ಕಂಪ್ಯೂಟರ್ ಮ್ಯಾಕ್ ಆಗಿದ್ದರೆ ಇದೇ ಕೆಲಸಕ್ಕೆ ಸ್ಕ್ರೀನ್ ಟೈಮ್ ಇದೆ, 2019ರ ಕ್ಯಾಟಲೀನಾ ಆವೃತ್ತಿಯಿಂದ ಅದು ಮ್ಯಾಕ್‌ನೊಳಗೇ ಬರುತ್ತದೆ. ಲಿನಕ್ಸ್ ಇದ್ದರೆ ಟೈಮ್‌ಕೆಪಿಆರ್-ನೆಕ್ಸ್ಟ್. ಎರಡಕ್ಕೂ ಮೇಲಿನ ಅಡ್ಮಿನ್ ಮಾತು ಅನ್ವಯಿಸುತ್ತದೆ.

ಬಹಳ ಜನ ಕೇಳುವುದು ಗೂಗಲ್ ಫ್ಯಾಮಿಲಿ ಲಿಂಕ್ ಬಗ್ಗೆ, ಫೋನಿಗೆ ಹಾಕಿರುತ್ತಾರೆ, ಅದನ್ನೇ ಕಂಪ್ಯೂಟರಿಗೂ ಹಾಕೋಣ ಅಂತ. ಅದರ ಹೊತ್ತಿನ ಮಿತಿ ಆಂಡ್ರಾಯ್ಡ್ ಮತ್ತು ಕ್ರೋಮ್‌ಬುಕ್‌ಗೆ. ವಿಂಡೋಸ್ ಕಂಪ್ಯೂಟರನ್ನು ಅದು ಒಂಬತ್ತು ಗಂಟೆಗೆ ಲಾಕ್ ಮಾಡುವುದಿಲ್ಲ.

ರೂಟರ್‌ನಲ್ಲಿ ಹೊತ್ತು ಕಟ್ಟುವುದು

ರೂಟರಿನ ದೊಡ್ಡ ಗುಣ ಅಂದರೆ ಕಂಪ್ಯೂಟರಿಗೆ ಏನೂ ಹಾಕಬೇಕಿಲ್ಲ. ಬ್ರೌಸರಿನಲ್ಲಿ 192.168.1.1 ಅಂತ ಹೊಡೆದರೆ ಜಾಸ್ತಿ ರೂಟರುಗಳ ಒಳಗೆ ಹೋಗಬಹುದು. ಜಿಯೋದವರದ್ದಾದರೆ 192.168.29.1. ಯಾವುದೆಂದು ಗೊತ್ತಾಗದಿದ್ದರೆ ರೂಟರಿನ ಕೆಳಗೆ ಚೀಟಿ ಅಂಟಿಸಿರುತ್ತಾರೆ. ಲೋಕಲ್ ಕೇಬಲ್‌ನವರು ಫೈಬರ್ ಎಳೆದು ಕೊಟ್ಟ ಮನೆಗಳಲ್ಲಿ ಹೆಸರೂ ಪಾಸ್‌ವರ್ಡೂ ಎರಡೂ "ಅಡ್ಮಿನ್" ಅಂತಲೇ ಉಳಿದಿರುವುದು ಮಾಮೂಲು. ವೈಫೈ ಪಾಸ್‌ವರ್ಡ್ ಬೇರೆ, ರೂಟರ್ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಿ.

ಒಳಗೆ ಪೇರೆಂಟಲ್ ಕಂಟ್ರೋಲ್ ಅಥವಾ ಆ್ಯಕ್ಸೆಸ್ ಕಂಟ್ರೋಲ್ ಅಂತ ಇರುತ್ತದೆ. ಯಾವ ಕಂಪ್ಯೂಟರಿಗೆ ಎಷ್ಟರಿಂದ ಎಷ್ಟು ಗಂಟೆಯವರೆಗೆ ನೆಟ್ ಕೊಡಬೇಕು ಅಂತ ಬರೆಯಬಹುದು. ರೂಟರ್ ಒಂದೊಂದು ಕಂಪ್ಯೂಟರನ್ನೂ ಗುರುತಿಸುವುದು ಅದರ ಮ್ಯಾಕ್ ವಿಳಾಸದಿಂದ, ಅಂದರೆ ನೆಟ್ ಹಿಡಿಯುವ ಭಾಗಕ್ಕಿರುವ ಗುರುತಿನ ನಂಬರಿನಿಂದ (ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಸಂಬಂಧವಿಲ್ಲ). ಇಲ್ಲೇ ಇರುವುದು ಎಡವಟ್ಟು. ವಿಂಡೋಸ್‌ನಲ್ಲಿ "ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್" ಅನ್ನುವ ಒಂದು ಸ್ವಿಚ್ ಇದೆ, ಅದನ್ನು ಆನ್ ಮಾಡಿದರೆ ವೈಫೈಗೆ ಆ ಕಂಪ್ಯೂಟರ್ ಹೊಸ ಹೆಸರಿನಲ್ಲಿ ಕಾಣುತ್ತದೆ, ನೀವು ತಡೆದಿದ್ದು ಹಳೇ ಹೆಸರನ್ನು. ಅದಕ್ಕೇ "ಈ ಕಂಪ್ಯೂಟರ್ ಬೇಡ" ಅನ್ನುವ ಪಟ್ಟಿಗಿಂತ "ರಾತ್ರಿ ಹತ್ತರ ಮೇಲೆ ಇವಿಷ್ಟಕ್ಕೆ ಮಾತ್ರ" ಅನ್ನುವ ಪಟ್ಟಿ ಗಟ್ಟಿ. ಇನ್ನೂ ಸುಲಭ ಅಂದರೆ ಗೆಸ್ಟ್ ವೈಫೈ ಬೇರೆ ಮಾಡಿ, ಮಕ್ಕಳಿಗೆ ಅದರ ಪಾಸ್‌ವರ್ಡ್ ಮಾತ್ರ ಕೊಟ್ಟು, ಅದನ್ನೇ ರಾತ್ರಿ ಆಫ್ ಆಗುವಂತೆ ಇಡುವುದು. ಈ ಸೌಲಭ್ಯ ಎಲ್ಲಾ ರೂಟರಿನಲ್ಲೂ ಇರುವುದಿಲ್ಲ, ಇರುವ ಮನೆಯವರು ಬೇರೆ ಯಾವುದರ ಗೋಜಿಗೂ ಹೋಗದೆ ಇದನ್ನು ಮಾಡಬಹುದು.

ಎರಡು ಸಣ್ಣ ವಿಷಯ, ಆದರೆ ಇವೇ ತಲೆ ಕೆಡಿಸುವುದು. ರೂಟರಿನ ಗಡಿಯಾರ ಭಾರತದ ಹೊತ್ತಿಗೆ, ಅಂದರೆ +5:30ಕ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ರಾತ್ರಿ ಹತ್ತಕ್ಕೆ ಅಂತ ಇಟ್ಟದ್ದು ಬೆಳಗಿನ ಜಾವ ಮೂರೂವರೆಗೆ ಕಟ್ ಆಗುತ್ತದೆ. ಕರೆಂಟ್ ಹೋಗಿ ಬಂದಾಗ ಕೆಲವು ರೂಟರು ಹೊತ್ತನ್ನೇ ಮರೆತು, ನೆಟ್ ಬಂದ ಮೇಲೆ ಮತ್ತೆ ಸರಿ ಮಾಡಿಕೊಳ್ಳುತ್ತವೆ, ಅದು ಆಗಿದೆಯಾ ಅಂತಲೂ ಒಮ್ಮೆ ನೋಡಿ. ಎರಡನೆಯದು ರೀಸೆಟ್ ಗುಂಡಿ. ರೂಟರಿನ ಹಿಂಬದಿಯ ಸಣ್ಣ ತೂತಿಗೆ ಪಿನ್ ಹಾಕಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ನೀವು ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಆದರೆ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ನಡೆಯುವ ಕನೆಕ್ಷನ್ ಆದರೆ ಅದೂ ಅಳಿಸಿ ಇಡೀ ಮನೆಗೆ ನೆಟ್ ನಿಲ್ಲುತ್ತದೆ, ಹಾಗಾಗಿ ಕದ್ದು ಮಾಡಲು ಆಗುವುದಿಲ್ಲ. ಕೇಬಲ್‌ನವರ ಹತ್ತಿರ ಆ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ರೂಟರನ್ನೂ ಫ್ಯಾಮಿಲಿ ಸೇಫ್ಟಿಯನ್ನೂ ಎದುರುಬದುರು ಇಟ್ಟರೆ, ಒಂದೇ ಕಂಪ್ಯೂಟರ್ ಇರುವ ಮನೆಗೆ ಫ್ಯಾಮಿಲಿ ಸೇಫ್ಟಿ ಮೇಲು. ಮೂರು ನಾಲ್ಕು ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಾ ಇರುವ ಮನೆಗೆ ರೂಟರ್ ಮೇಲು, ಒಂದೇ ಕಡೆ ಕೂತು ಎಲ್ಲದಕ್ಕೂ ಹೇಳಬಹುದು. ಮೇಲ್ಮನೆ ಬಾಡಿಗೆಗೆ ಕೊಟ್ಟು ಅವರಿಗೂ ನಿಮ್ಮದೇ ವೈಫೈ ಹಂಚಿರುವವರು ಎಚ್ಚರ. ರಾತ್ರಿ ಹತ್ತಕ್ಕೆ ಎಲ್ಲರಿಗೂ ಕಟ್ ಮಾಡಿದರೆ ವರ್ಕ್ ಫ್ರಮ್ ಹೋಮ್ ಮಾಡುವ ಬಾಡಿಗೆಯವರು ಬಂದು ಬಾಗಿಲು ತಟ್ಟುತ್ತಾರೆ.

ಡಿಎನ್‌ಎಸ್ ಫಿಲ್ಟರ್: ಕೆಟ್ಟ ಸೈಟಿಗೆ ಇದು

ಸೈಟಿನ ಹೆಸರು ಹೊಡೆದಾಗ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಕೆಟ್ಟ ಸೈಟಿನ ವಿಳಾಸ ಕೇಳಿದರೆ ಕೊಡದೇ ಇರುವ ಡಿಎನ್‌ಎಸ್‌ಗಳಿವೆ, ಪುಕ್ಕಟೆ. ಕ್ಲೌಡ್‌ಫ್ಲೇರ್‌ನವರದ್ದು 1.1.1.3 ಮತ್ತು 1.0.0.3. ಓಪನ್‌ಡಿಎನ್‌ಎಸ್ ಫ್ಯಾಮಿಲಿ ಶೀಲ್ಡ್ 208.67.222.123 ಮತ್ತು 208.67.220.123. ಕ್ಲೀನ್‌ಬ್ರೌಸಿಂಗ್‌ನ ಫ್ಯಾಮಿಲಿ ಫಿಲ್ಟರ್ 185.228.168.168 ಮತ್ತು 185.228.169.168. ರೂಟರಿನ ಡಿಎನ್‌ಎಸ್ ಜಾಗದಲ್ಲಿ ಇವುಗಳಲ್ಲಿ ಒಂದು ಜೋಡಿ ಬರೆದರೆ ಆ ವೈಫೈ ಮೇಲಿರುವ ಎಲ್ಲದಕ್ಕೂ ಅನ್ವಯ. ಒಂದು ಇಲ್ಲಿಂದ, ಇನ್ನೊಂದು ಮಾಮೂಲಿ ಡಿಎನ್‌ಎಸ್‌ನಿಂದ ಅಂತ ಬೆರೆಸಬೇಡಿ, ಮಾಮೂಲಿಯದ್ದು ಕೆಟ್ಟ ಸೈಟಿನ ವಿಳಾಸವನ್ನೂ ಕೊಟ್ಟುಬಿಡುತ್ತದೆ.

ಯಾವುದು ಆರಿಸಬೇಕು? ಕ್ಲೀನ್‌ಬ್ರೌಸಿಂಗ್ ಬಿಗಿ. ಅಶ್ಲೀಲ ಸೈಟಿನ ಜೊತೆಗೆ ವಿಪಿಎನ್, ಪ್ರಾಕ್ಸಿಯಂಥ ತಡೆ ದಾಟಿಸುವ ಸೈಟುಗಳನ್ನೂ ತಡೆಯುತ್ತದೆ, ಗೂಗಲ್‌ನಲ್ಲಿ ಅಶ್ಲೀಲ ಫಲಿತಾಂಶ ಮರೆಮಾಡುವ ಸೇಫ್‌ಸರ್ಚ್ ಕಡ್ಡಾಯ ಮಾಡುತ್ತದೆ, ಯೂಟ್ಯೂಬನ್ನು ದೊಡ್ಡವರ ವಿಡಿಯೊ ಮರೆಮಾಡುವ ರಿಸ್ಟ್ರಿಕ್ಟೆಡ್ ಮೋಡ್‌ಗೆ ಹಾಕುತ್ತದೆ, ರೆಡಿಟ್‌ನಂಥ ಚರ್ಚೆಯ ಸೈಟನ್ನೂ ಬಿಡುವುದಿಲ್ಲ. ಎಂಟು, ಒಂಬತ್ತನೇ ಕ್ಲಾಸಿನವರಿಗೆ ಹೇಳಿ ಮಾಡಿಸಿದ್ದು. ಪಿಯುಸಿಯವರಿಗೆ ಅದು ಉಸಿರು ಕಟ್ಟಿಸುತ್ತದೆ, ಕೋಡಿಂಗ್ ಕಲಿಯುವ ಹುಡುಗನಿಗೆ ರೆಡಿಟ್‌ನಲ್ಲೂ ಕೆಲಸ ಇರುತ್ತದೆ. ಅವರಿಗೆ ಕ್ಲೌಡ್‌ಫ್ಲೇರ್ ಸಾಕು. ಬೇಕಾದ ಸೈಟು, ಬೇಕಾದ ಹೊತ್ತು ಅಂತ ಕೈಯಾರೆ ಆರಿಸಿಕೊಳ್ಳಬೇಕು ಅನ್ನುವವರಿಗೆ ನೆಕ್ಸ್ಟ್‌ಡಿಎನ್‌ಎಸ್ ಇದೆ. ತಿಂಗಳಿಗೆ 3,00,000 ಪ್ರಶ್ನೆಗಳವರೆಗೆ (ಸೈಟಿನ ವಿಳಾಸ ಒಮ್ಮೆ ಕೇಳಿದರೆ ಒಂದು ಪ್ರಶ್ನೆ) ಅದು ಪುಕ್ಕಟೆ, ಅದು ದಾಟಿದ ಮೇಲೆ ನೆಟ್ ನಿಲ್ಲುವುದಿಲ್ಲ, ಆದರೆ ಫಿಲ್ಟರ್ ನಿಲ್ಲುತ್ತದೆ. ಇಡೀ ಮನೆಗೆ ಹಾಕಿದರೆ ಅಷ್ಟು ಮುಗಿಯುವುದು ಕಷ್ಟವೇನಲ್ಲ, ಹಾಗಾಗಿ ಆ ಒಂದು ಕಂಪ್ಯೂಟರಿಗೆ ಮಾತ್ರ ಹಾಕಿ.

ಕೆಲವು ಕಂಪನಿಗಳು ಕೊಡುವ ರೂಟರಿನಲ್ಲಿ ಡಿಎನ್‌ಎಸ್ ಬದಲಿಸಲು ಬಿಡುವುದೇ ಇಲ್ಲ. ಆಗ ಕಂಪ್ಯೂಟರಿನಲ್ಲೇ, ನೆಟ್‌ವರ್ಕ್ ಸೆಟ್ಟಿಂಗ್ ಒಳಗೆ ಬರೆಯಬೇಕು. ಅವನು ಸ್ಟ್ಯಾಂಡರ್ಡ್ ಯೂಸರ್ ಆಗಿದ್ದರೆ ಅದನ್ನು ಬದಲಿಸಲು ಆಗುವುದಿಲ್ಲ. ಮೇಲೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಅಲ್ಲೇ ಐಪಿವಿ6 ಅಂತ ಇನ್ನೊಂದು ಖಾನೆ ಇರುತ್ತದೆ. ನೆಟ್ಟಿನ ವಿಳಾಸ ಬರೆಯುವ ಹಳೇ ರೀತಿ ಐಪಿವಿ4, ಹೊಸ ರೀತಿ ಐಪಿವಿ6. ನಮ್ಮಲ್ಲಿ ಜಿಯೋ, ಏರ್‌ಟೆಲ್ ಎರಡೂ ಐಪಿವಿ6 ಕೊಡುತ್ತವೆ. ಐಪಿವಿ4 ಖಾನೆಯಲ್ಲಿ ಮಾತ್ರ ಬರೆದು ಬಿಟ್ಟರೆ ಫಿಲ್ಟರ್ ಒಮ್ಮೆ ಇದ್ದಂತೆ, ಒಮ್ಮೆ ಇಲ್ಲದಂತೆ ಆಡುತ್ತದೆ, ಯಾಕೆ ಅಂತ ತಿಳಿಯದೆ ಒದ್ದಾಡುತ್ತೀರಿ. ಕ್ಲೌಡ್‌ಫ್ಲೇರ್‌ನ ಐಪಿವಿ6 ವಿಳಾಸ 2606:4700:4700::1113 ಮತ್ತು 2606:4700:4700::1003.

ಇದರ ತೂತುಗಳು? ಕ್ರೋಮ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ "ಸೆಕ್ಯೂರ್ ಡಿಎನ್‌ಎಸ್" ಅಂತ ಇದೆ, ಫೈರ್‌ಫಾಕ್ಸ್‌ನಲ್ಲೂ ಅಂಥದ್ದಿದೆ. ಅಲ್ಲಿ ಬೇರೆ ಡಿಎನ್‌ಎಸ್ ಆರಿಸಿಕೊಂಡರೆ ನಿಮ್ಮ ರೂಟರನ್ನು ಬ್ರೌಸರ್ ಕೇಳುವುದೇ ಇಲ್ಲ, ಇದಕ್ಕೆ ಅಡ್ಮಿನ್ ಪಾಸ್‌ವರ್ಡೂ ಬೇಡ. ವಿಪಿಎನ್ ಇದ್ದರಂತೂ ಮುಗಿದೇಹೋಯಿತು. ಒಪೆರಾ ಬ್ರೌಸರಿನ ಒಳಗೇ ವಿಪಿಎನ್ ಬರುತ್ತದೆ. ಜೊತೆಗೆ ಡಿಎನ್‌ಎಸ್ ನೋಡುವುದು ಸೈಟಿನ ಹೆಸರನ್ನು, ಒಳಗಿನ ಪುಟವನ್ನಲ್ಲ. ಯೂಟ್ಯೂಬ್ ಬಿಟ್ಟು ಅದರೊಳಗಿನ ಒಂದು ಚಾನೆಲ್ ಮಾತ್ರ ತಡೆಯಿರಿ ಅಂದರೆ ಅದಕ್ಕೆ ಆಗುವುದಿಲ್ಲ. ಆದರೂ ಇದನ್ನು ಹಾಕಿ ಅಂತಲೇ ನಾನು ಹೇಳುವುದು, ಯಾಕಂದ್ರೆ ಹುಡುಕಿಕೊಂಡು ಹೋಗುವವನನ್ನು ಇದು ತಡೆಯದಿದ್ದರೂ, ಸಿನಿಮಾ ಡೌನ್‌ಲೋಡ್ ಮಾಡಲು ಹೋಗಿ ಗೊತ್ತಿಲ್ಲದೆ ಎಡವುವವನನ್ನು ತಡೆಯುತ್ತದೆ, ಸಣ್ಣ ವಯಸ್ಸಿನಲ್ಲಿ ಜಾಸ್ತಿ ಆಗುವುದು ಅದೇ.

ಇದೇ ಕೆಲಸವನ್ನು ವಿಂಡೋಸ್‌ನ ಹೋಸ್ಟ್ಸ್ ಅನ್ನುವ, ಸೈಟಿನ ಹೆಸರು ಮತ್ತು ವಿಳಾಸ ಬರೆದಿಡುವ ಫೈಲಿನಲ್ಲೂ ಮಾಡಬಹುದು ಅಂತ ಹಳಬರು ಹೇಳುತ್ತಾರೆ. ಮಾಡಬಹುದು. ಪ್ರತಿ ಸೈಟಿಗೂ ಒಂದೊಂದು ಸಾಲು ಕೈಯಲ್ಲಿ ಬರೆಯಬೇಕು. ಒಂದೆರಡು ಸೈಟಿಗೆ ಸರಿ, ಅದಕ್ಕಿಂತ ಜಾಸ್ತಿಗೆ ಅಲ್ಲ.

ಫೋನಿನ ಹಾಟ್‌ಸ್ಪಾಟ್ ಅನ್ನುವ ಹಿತ್ತಿಲ ಬಾಗಿಲು

ರೂಟರನ್ನು ಎಷ್ಟು ಬಿಗಿ ಮಾಡಿದರೂ ಅವನ ಕೈಯಲ್ಲಿ ದಿನಕ್ಕೆ 1.5 ಜಿಬಿ, 2 ಜಿಬಿ ಡೇಟಾ ಇರುವ ಫೋನ್ ಇದ್ದರೆ ಹಾಟ್‌ಸ್ಪಾಟ್ ಆನ್ ಮಾಡಿ ಕಂಪ್ಯೂಟರಿಗೆ ಕೊಟ್ಟುಕೊಳ್ಳುತ್ತಾನೆ. ಅಜ್ಜಿಯ ಫೋನ್ ಆದರೂ ನಡೆಯುತ್ತದೆ, ಅಜ್ಜಿಗೆ ಗೊತ್ತೂ ಆಗುವುದಿಲ್ಲ. ಪಕ್ಕದ ಮನೆಯ ಗೆಳೆಯನ ವೈಫೈ ಇನ್ನೊಂದು. ಇಲ್ಲಿ ರೂಟರಿನ ಕಡಿವಾಣ, ರೂಟರಿನಲ್ಲಿ ಹಾಕಿದ ಡಿಎನ್‌ಎಸ್ ಎರಡೂ ಸೋಲುತ್ತವೆ. ಉಳಿಯುವುದು ಕಂಪ್ಯೂಟರಿನ ಒಳಗೆ ಹಾಕಿದ್ದು ಮಾತ್ರ. ವೈಫೈಗೆ ಅಂತ ಕಂಪ್ಯೂಟರಿನಲ್ಲಿ ಬರೆದ ಡಿಎನ್‌ಎಸ್ ಕೂಡ ವೈಫೈಗಷ್ಟೇ. ಯುಎಸ್‌ಬಿ ವೈರಿನಲ್ಲಿ ಫೋನ್ ಸಿಕ್ಕಿಸಿದರೆ ಅದು ಬೇರೆಯದೇ ಕನೆಕ್ಷನ್, ಅದಕ್ಕೆ ಈ ಡಿಎನ್‌ಎಸ್ ಹತ್ತುವುದಿಲ್ಲ. ಹಾಗಾಗಿ ಸ್ವಂತ ಫೋನ್ ಇರುವ ಮಕ್ಕಳ ಮನೆಯಲ್ಲಿ ಹೊತ್ತಿಗೆ ಫ್ಯಾಮಿಲಿ ಸೇಫ್ಟಿಯೇ ಗತಿ. ಇನ್ನೊಂದು ದಾರಿ, ರಾತ್ರಿ ಎಲ್ಲರ ಫೋನೂ ಹಾಲಿನಲ್ಲೇ ಚಾರ್ಜಿಗೆ. ಎಲ್ಲರದ್ದೂ ಅಂದರೆ ಅಪ್ಪನದ್ದೂ ಸೇರಿ, ಇಲ್ಲದಿದ್ದರೆ ಎರಡನೇ ದಿನಕ್ಕೇ ಮುರಿದುಬೀಳುತ್ತದೆ.

ಕಂಪ್ಯೂಟರನ್ನು ರೂಮಿನಿಂದ ಹಾಲಿಗೆ ತರುವುದು ಕೂಡ ಒಂದು ಆಯ್ಕೆಯೇ. ಕೆಟ್ಟ ಸೈಟಿನ ವಿಷಯಕ್ಕೆ ಇದಕ್ಕಿಂತ ಅಗ್ಗದ ಫಿಲ್ಟರ್ ಇಲ್ಲ. ಆದರೆ ಸಂಜೆ ಏಳಕ್ಕೆ ಧಾರಾವಾಹಿ ಶುರುವಾಗುವ ಮನೆಯಲ್ಲಿ ಹಾಲಿನಲ್ಲಿ ಕೂತು ಇಂಟೆಗ್ರೇಷನ್ ಮಾಡು ಅಂದರೆ ಪಾಪ ಹೇಗೆ ಮಾಡಿಯಾನು. ಟಿವಿ ನೀವು ಬಿಡುವುದಾದರೆ ಮಾತ್ರ ಇದನ್ನು ಆರಿಸಿ.

ದುಡ್ಡು ಕೊಡುವ ಆ್ಯಪ್‌ಗಳು

ಕ್ವಸ್ಟೋಡಿಯೊ, ನಾರ್ಟನ್ ಫ್ಯಾಮಿಲಿ ಇವೆಲ್ಲ ವರ್ಷದ ಚಂದಾ ಲೆಕ್ಕದಲ್ಲಿ ಬರುತ್ತವೆ. ಅನುಕೂಲ ಅಂದರೆ ಫೋನಿಗೂ ಕಂಪ್ಯೂಟರಿಗೂ ಒಂದೇ ಕಡೆಯಿಂದ ಮಿತಿ ಇಡಬಹುದು, ಎಡ್ಜ್ ಒಂದಕ್ಕೇ ಅಂಟಿಕೊಳ್ಳಬೇಕಿಲ್ಲ. ಇಬ್ಬರು ಮೂವರು ಮಕ್ಕಳು, ನಾಲ್ಕಾರು ಸಾಧನ ಇರುವವರು ಯೋಚಿಸಬಹುದು. ಒಂದೇ ಕಂಪ್ಯೂಟರಿಗೆ ನಾನು ದುಡ್ಡು ಹಾಕುವುದಿಲ್ಲ. ನಾರ್ಟನ್ ಫ್ಯಾಮಿಲಿ ಮ್ಯಾಕ್‌ಗೆ ಇಲ್ಲ, ಕೊಳ್ಳುವ ಮೊದಲು ನೋಡಿ.

ಗುಟ್ಟಾಗಿ ಸ್ಕ್ರೀನ್ ಫೋಟೊ ತೆಗೆಯುವ, ಒತ್ತಿದ ಪ್ರತಿ ಕೀಯನ್ನೂ ಬರೆದಿಡುವ ಸಾಫ್ಟ್‌ವೇರುಗಳೂ ಮಾರಾಟಕ್ಕಿವೆ. ಬೇಡ. ಅವನ ಪಾಸ್‌ವರ್ಡು, ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕಿಗೆ ಹೊಡೆದ ಪಾಸ್‌ವರ್ಡು ಎಲ್ಲಾ ಯಾವುದೋ ಕಂಪನಿಯ ಸರ್ವರಿಗೆ ಹೋಗಿ ಕೂರುತ್ತದೆ. 2023ರ ಡಿಜಿಟಲ್ ದತ್ತಾಂಶ ರಕ್ಷಣೆ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಕರೆದು, ಮಕ್ಕಳ ಬೆನ್ನುಹತ್ತಿ ಗಮನಿಸಬಾರದು ಅಂತ ಕಂಪನಿಗಳಿಗೆ ಹೇಳುತ್ತದೆ. ಆ ಮಾತು ಅಪ್ಪ ಅಮ್ಮನಿಗೆ ಅನ್ವಯಿಸುವುದಿಲ್ಲ ನಿಜ. ಆದರೂ ಒಂದು ದಿನ ಅವನಿಗೆ ಗೊತ್ತಾಗಿಯೇ ಆಗುತ್ತದೆ, ಆಮೇಲೆ ನಿಜವಾದ ತೊಂದರೆ ಬಂದಾಗ ನಿಮ್ಮ ಹತ್ತಿರ ಬಂದು ಹೇಳುವುದಿಲ್ಲ.

ಯೂಟ್ಯೂಬ್‌ಗೆ ಏನು ಮಾಡುವುದು

ಇದನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ. ಸಿಇಟಿ, ನೀಟ್, ಜೆಇಇ ಅಂತ ಓದುವವರ ಪಾಠ ಅರ್ಧ ಅಲ್ಲೇ ಇದೆ. ಇಲ್ಲಿ ಬೀಗಕ್ಕಿಂತ ಆಮಿಷ ಕಡಿಮೆ ಮಾಡುವುದು ಕೆಲಸಕ್ಕೆ ಬರುತ್ತದೆ. ಅವನ ಅಕೌಂಟಿನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿ. ಹಾಗೆ ಮಾಡಿದರೆ 2023ರಿಂದ ಯೂಟ್ಯೂಬ್‌ನ ಮೊದಲ ಪುಟ ಖಾಲಿ ಬರುತ್ತದೆ, ಬೇಕಾದ್ದನ್ನು ಹುಡುಕಿಯೇ ನೋಡಬೇಕು. ಅನ್‌ಹುಕ್ ಅನ್ನುವ ಎಕ್ಸ್‌ಟೆನ್ಷನ್ ಪಕ್ಕದ ಸಲಹೆಗಳನ್ನೂ ಶಾರ್ಟ್ಸನ್ನೂ ಮರೆಮಾಡುತ್ತದೆ. ಲೀಚ್‌ಬ್ಲಾಕ್ ಅನ್ನುವುದು ನೀವು ಹೇಳಿದ ಹೊತ್ತಿನಲ್ಲಿ ಹೇಳಿದ ಸೈಟುಗಳನ್ನು ತಡೆಯುತ್ತದೆ. ಎರಡನ್ನೂ ಅವನೇ ಕಿತ್ತುಹಾಕಬಹುದು, ನಿಜ. ಇವು ಒಲ್ಲದವನಿಗೆ ಅಲ್ಲ, "ನಂಗೂ ಓದಬೇಕು, ಆಗ್ತಿಲ್ಲ" ಅನ್ನುವವನಿಗೆ. ಸೆಕೆಂಡ್ ಪಿಯುಸಿಗೆ ಬರುವ ಹೊತ್ತಿಗೆ ಅಂಥವರೇ ಜಾಸ್ತಿ, ದೊಡ್ಡವರು ಅದನ್ನು ನಂಬುವುದಿಲ್ಲ ಅಷ್ಟೆ. ಸ್ಟೀಮ್‌ನಲ್ಲಿ ಗೇಮ್ ಆಡುವವರಿಗೆ ಸ್ಟೀಮ್ ಫ್ಯಾಮಿಲೀಸ್ ಒಳಗೇ ಆಟದ ಹೊತ್ತಿನ ಮಿತಿ ಇದೆ, ಅದೂ ಗೊತ್ತಿರಲಿ.

ಹಾಗಾದರೆ ಯಾವ ಮನೆಗೆ ಯಾವುದು

ಎಂಟನೇ, ಒಂಬತ್ತನೇ ಕ್ಲಾಸ್ ಆದರೆ ಸ್ಟ್ಯಾಂಡರ್ಡ್ ಅಕೌಂಟ್, ಫ್ಯಾಮಿಲಿ ಸೇಫ್ಟಿಯ ಹೊತ್ತು ಮತ್ತು ಫಿಲ್ಟರ್, ರೂಟರಿನಲ್ಲಿ ಕ್ಲೀನ್‌ಬ್ರೌಸಿಂಗ್. ಎಲ್ಲವೂ. ಈ ವಯಸ್ಸಿಗೆ ಬಿಗಿಯಾದರೆ ತಪ್ಪೇನಿಲ್ಲ.

ಎಸ್ಸೆಸ್ಸೆಲ್ಸಿಗೆ ಬಂದವರಿಗೆ ಹೊತ್ತಿನ ಮಿತಿ ಇರಲಿ, ಅದನ್ನು ಅವರ ಜೊತೆ ಕೂತು ಬರೆಯಿರಿ. ಟ್ಯೂಷನ್ ಮುಗಿಸಿ ಮನೆಗೆ ಬರುವುದೇ ಎಂಟಕ್ಕೆ ಆದರೆ ಒಂಬತ್ತಕ್ಕೆ ಲಾಕ್ ಅನ್ನುವುದು ಅನ್ಯಾಯ. ದಸರಾ ರಜೆಗೆ ಬೇರೆ ಲೆಕ್ಕ ಇಡಿ, ಮರೆತು ಹಳೇ ಲೆಕ್ಕವೇ ಬಿಟ್ಟರೆ ಬೆಳಗ್ಗೆ ಹತ್ತಕ್ಕೇ ಗಲಾಟೆ ಶುರು.

ಪಿಯುಸಿಗೆ ಬಂದ ಮೇಲೆ ನಾನು ಉಳಿಸುವುದು ಎರಡೇ: ಕ್ಲೌಡ್‌ಫ್ಲೇರ್ ಡಿಎನ್‌ಎಸ್, ಮತ್ತು ರಾತ್ರಿ ಹನ್ನೊಂದರ ಮೇಲೆ ರೂಟರ್ ಬಂದ್. ಜೆಇಇ ಮೇನ್ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಮಾಕ್ ಟೆಸ್ಟ್ ಮೂರು ಗಂಟೆ ಕೂರಬೇಕು, ಮಧ್ಯದಲ್ಲಿ ಫ್ಯಾಮಿಲಿ ಸೇಫ್ಟಿ ಬಾಗಿಲು ಹಾಕಿದರೆ ನೀವೇ ಬೈಸಿಕೊಳ್ಳುತ್ತೀರಿ. ಹೊತ್ತು ಅವರದ್ದು, ನಿದ್ದೆ ಮಾತ್ರ ನೀವು ಕಾಯಿರಿ. ಸ್ವಂತ ಫೋನ್ ಇದ್ದರೆ ಅದೂ ರಾತ್ರಿ ಹಾಲಿಗೆ ಬರಬೇಕು, ಇಲ್ಲದಿದ್ದರೆ ರೂಟರ್ ಬಂದ್ ಮಾಡಿ ಏನೂ ಉಪಯೋಗವಿಲ್ಲ.

ಎಲ್ಲಾ ದಾಟಿ, ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲು ಲಿನಕ್ಸ್ ಶುರು (ಬೂಟ್) ಮಾಡಿ ನೆಟ್ ನೋಡುವ ಹುಡುಗರೂ ಇದ್ದಾರೆ. ಬಯೋಸ್‌ಗೆ (ಕಂಪ್ಯೂಟರ್ ಆನ್ ಆದ ತಕ್ಷಣ, ವಿಂಡೋಸ್‌ಗೂ ಮೊದಲು ಓಡುವ ಪ್ರೋಗ್ರಾಂ) ಪಾಸ್‌ವರ್ಡ್ ಇಟ್ಟು, ಯುಎಸ್‌ಬಿಯಿಂದ ಬೂಟ್ ಆಗುವುದನ್ನು ಆಫ್ ಮಾಡಿದರೆ ಅದು ನಿಲ್ಲುತ್ತದೆ. ಆದರೆ ಅಷ್ಟು ಕಲಿತವನ ಜೊತೆ ಕೂತು ಮಾತಾಡುವುದೇ ವಾಸಿ, ತಡೆಯುವ ಪಂದ್ಯದಲ್ಲಿ ಅವನೇ ಗೆಲ್ಲುವುದು.

ಬೀಗ ಯಾವುದೂ ಸಾಲದ ಸಂದರ್ಭಗಳೂ ಇವೆ. ಊಟ, ಸ್ಕೂಲು, ಸ್ನಾನ ಬಿಟ್ಟು ಕೂತಿದ್ದಾನೆ, ತೆಗೆದರೆ ಕೈ ಮಾಡುತ್ತಾನೆ ಅನ್ನುವ ಮಟ್ಟಕ್ಕೆ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ. ಯಾರೋ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾರೆ ಅಂತ ಮಗು ಹೇಳಿದರೆ ಮೊದಲು ನೆಟ್ ಕಟ್ ಮಾಡಲು ಹೋಗಬೇಡಿ, ಮೆಸೇಜು ಅಳಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930.

ಎಲ್ಲಾ ಹಾಕಿ ಮುಗಿಸಿದ ಮೇಲೆ ನಿಮ್ಮ ಅಕೌಂಟಿನಲ್ಲಿ ಕೂತು ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಮಗುವಿನ ಅಕೌಂಟಿನಲ್ಲಿ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ: ತಡೆಯಬೇಕಾದ ಸೈಟ್ ಎಡ್ಜ್‌ನಲ್ಲೂ ಕ್ರೋಮ್‌ನಲ್ಲೂ ನಿಲ್ಲುತ್ತದೆಯಾ, ಕಾಲೇಜಿನ ಸೈಟು, ಕೆಇಎ ಸೈಟು ತೆರೆಯುತ್ತದೆಯಾ, ಫೋನಿನ ಹಾಟ್‌ಸ್ಪಾಟ್ ಹಾಕಿದರೆ ಏನಾಗುತ್ತದೆ, ಹೊತ್ತು ಮುಗಿದಾಗ ಅವನು ಕಳಿಸಿದ ಕೋರಿಕೆ ನಿಮ್ಮ ಫೋನಿಗೆ ಬರುತ್ತದೆಯಾ. ಬರದಿದ್ದರೆ ಫ್ಯಾಮಿಲಿ ಸೇಫ್ಟಿ ಆ್ಯಪ್‌ಗೆ ನೋಟಿಫಿಕೇಷನ್ ಅನುಮತಿ ಕೊಟ್ಟಿರುವುದಿಲ್ಲ, ಫೋನಿನ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ.